ಸೂರಿನ ದೋಣಿಯ ಜೋಪಾನ: ಮಳೆ, ಮರ ಮತ್ತು ಮಣ್ಣಿಗೆ ತಕ್ಕ ಕ್ರಮ

ಹೊಲದಲ್ಲಿ ಬಿದ್ದ ನೀರು ಒಡ್ಡು ಒಡೆದು ಹೋಗಬಾರದೆಂದು ರೈತರು ಮಳೆಗಾಲಕ್ಕೆ ಮೊದಲೇ ಎಚ್ಚರ ವಹಿಸುತ್ತಾರೆ. ಆದರೆ ಮನೆಯ ಮೇಲೆ ಬಿದ್ದ ನೀರು ಎಲ್ಲಿ ಇಳಿಯುತ್ತದೆ, ಇಳಿದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡುವವರು ಕಡಿಮೆ. ಸೂರಿನ ಅಂಚಿಗೆ ಕಟ್ಟಿದ ತಗಡಿನ ಅಥವಾ ಪಿ.ವಿ.ಸಿ. ದೋಣಿ, ಮಾಳಿಗೆ ಮನೆಯ ಹರನಾಳಿಗೆ, ಇವೆರಡೂ ಸಣ್ಣ ಸಾಮಾನುಗಳು. ಅವು ಕಟ್ಟಿಕೊಂಡರೆ ಆಗುವ ನಷ್ಟ ಮಾತ್ರ ಸಣ್ಣದಲ್ಲ.

2019ರ ಆಗಸ್ಟ್ ತಿಂಗಳಲ್ಲಿ ಬಿಡದೆ ಸುರಿದ ಮಳೆಗೆ ಧಾರವಾಡ ಜಿಲ್ಲೆಯಲ್ಲಿ ಮಣ್ಣಿನ ಗೋಡೆಯ ಮನೆಗಳು ದೊಡ್ಡ ಸಂಖ್ಯೆಯಲ್ಲಿ ಕುಸಿದುವು. ಹಳ್ಳದ ನೀರು ನುಗ್ಗದ ಕಡೆಗಳಲ್ಲಿಯೂ ಗೋಡೆಗಳು ಬಿದ್ದುವು. ಮಣ್ಣಿನ ಗೋಡೆ ಒಣಗಿರುವವರೆಗೆ ಎಷ್ಟೋ ಭಾರವನ್ನು ಹೊರುತ್ತದೆ. ಬುಡ ನೆನೆದರೆ ತನ್ನ ಭಾರವನ್ನೇ ತಾಳಲಾರದು. ಆ ಬುಡಕ್ಕೆ ನೀರು ಹೋಗುವ ದಾರಿಗಳಲ್ಲಿ ಮುಖ್ಯವಾದುದು ಸೂರಿನ ನೀರು. ಆದುದರಿಂದ ದೋಣಿಯ ಜೋಪಾನವೆಂದರೆ ಕಸ ತೆಗೆಯುವುದಷ್ಟೇ ಅಲ್ಲ, ಗೋಡೆಯ ಬುಡವನ್ನು ಒಣಗಿಸಿಡುವುದು. ಮಳೆಯ ರೀತಿ, ಮನೆಯ ಸುತ್ತಲಿನ ಮರ, ಬುಡದ ಮಣ್ಣು, ಈ ಮೂರನ್ನೂ ತಿಳಿದು ಕೆಲಸ ಮಾಡಿದರೆ ಮಾತ್ರ ಇದು ಸಾಧ್ಯ.

ಮೂರು ಬಗೆಯ ನಾಡು, ಮೂರು ಬಗೆಯ ಮಳೆ

ಕರ್ನಾಟಕವನ್ನು 10 ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಲಾಗಿದೆ. ಅವುಗಳಲ್ಲಿ ಮೂರು ಧಾರವಾಡ ಜಿಲ್ಲೆಯೊಂದರಲ್ಲಿಯೇ ಬರುತ್ತವೆ. ಪಶ್ಚಿಮದ ಕಲಘಟಗಿ, ಅಳ್ನಾವರದ ಕಡೆ ಅರೆಮಲೆನಾಡು. ನಡುವೆ ಧಾರವಾಡ, ಹುಬ್ಬಳ್ಳಿ, ಕುಂದಗೋಳದ ಉತ್ತರ ಪರಿವರ್ತನಾ ವಲಯ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಯ ಒಣ ಎರೆನಾಡು. ಅಳ್ನಾವರದಿಂದ ನವಲಗುಂದಕ್ಕೆ ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಇಲ್ಲ. ಆದರೆ ಅಷ್ಟರೊಳಗೆ ಮಳೆ ಕಡಿಮೆಯಾಗುತ್ತದೆ, ಮಣ್ಣು ಕೆಂಪಿನಿಂದ ಕಪ್ಪಿಗೆ ತಿರುಗುತ್ತದೆ, ಹಂಚಿನ ಮನೆಗಳು ಹಿಂದೆ ಬಿದ್ದು ಮಾಳಿಗೆ ಮನೆಗಳು ಕಾಣತೊಡಗುತ್ತವೆ. ಆದುದರಿಂದ ಒಂದೂರಿನ ಪದ್ಧತಿಯನ್ನು ಇನ್ನೊಂದೂರಿಗೆ ಹಾಗೆಯೇ ಒಯ್ಯಲಾಗದು.

ಧಾರವಾಡದ ಸುತ್ತ ವರ್ಷದಲ್ಲಿ ಸರಾಸರಿ ಸುಮಾರು 750 ಮಿ.ಮೀ. ಮಳೆಯಾಗುತ್ತದೆ. ದೋಣಿಯ ದೃಷ್ಟಿಯಿಂದ ಇದರಲ್ಲಿ ಮೂರು ಬಗೆಗಳುಂಟು.

ಮೊದಲನೆಯದು ಏಪ್ರಿಲ್–ಮೇ ತಿಂಗಳ ಅಡ್ಡಮಳೆ. ಗಾಳಿ, ಗುಡುಗು, ಒಮ್ಮೊಮ್ಮೆ ಆಲಿಕಲ್ಲಿನ ಜೊತೆ ಬರುತ್ತದೆ. ಅರ್ಧ ತಾಸಿನಲ್ಲಿ ಮುಗಿದರೂ ರಭಸ ಹೆಚ್ಚು. ಬೇಸಿಗೆಯ ಎಲೆ, ಹೂವು, ಧೂಳು ದೋಣಿಯಲ್ಲಿ ತುಂಬಿರುವಾಗಲೇ ಈ ಮಳೆ ಬೀಳುವುದರಿಂದ ದೋಣಿ ತುಂಬಿ ಹೊರಚೆಲ್ಲುವುದು ಸಾಮಾನ್ಯವಾಗಿ ಇದೇ ಕಾಲದಲ್ಲಿ.

ಎರಡನೆಯದು ಮುಂಗಾರು. ಜುಲೈ ತಿಂಗಳಲ್ಲಿ, ಅಂದರೆ ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ, ದಿನಗಟ್ಟಲೆ ಜಿಟಿಜಿಟಿ ಹಿಡಿಯುತ್ತದೆ. ನೀರಿನ ಮೊತ್ತ ಅಡ್ಡಮಳೆಯಷ್ಟು ಒಮ್ಮೆಲೇ ಬಾರದಿದ್ದರೂ ಗೋಡೆ ಒಣಗಲು ಬಿಡುವು ಸಿಗುವುದಿಲ್ಲ. ದೋಣಿಯ ಒಂದು ತೂತಿನಿಂದ ಹನಿಯುವ ನೀರು ಒಂದೇ ಜಾಗದಲ್ಲಿ ವಾರವಿಡೀ ಬೀಳುತ್ತದೆ.

ಮೂರನೆಯದು ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ತಿಂಗಳ ಹಿಂಗಾರು ಮಳೆ. ಹಸ್ತ, ಚಿತ್ತಾ ಮಳೆಗಳು ಜೋರಾಗಿ ಹೊಡೆಯುವುದುಂಟು. ಆಗ ರೈತರು ಜೋಳ, ಕಡಲೆ ಬಿತ್ತನೆಯ ಗಡಿಬಿಡಿಯಲ್ಲಿರುತ್ತಾರೆ. ಮುಂಗಾರಿನಲ್ಲಿ ದೋಣಿಯೊಳಗೆ ಬೆಳೆದ ಹುಲ್ಲು, ಹಾವಸೆಗಳನ್ನು ಯಾರೂ ನೋಡಿರುವುದಿಲ್ಲ. ಈಗಾಗಲೇ ನೆನೆದ ಗೋಡೆಗೆ ಈ ಮಳೆ ಹೆಚ್ಚು ಅಪಾಯಕರ.

ನೀರಿನ ಲೆಕ್ಕ

ಒಂದು ಚದರ ಮೀಟರ್ ಸೂರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರಾಗುತ್ತದೆ. ಮನೆಯ ಒಂದು ಬದಿಯ ಇಳಿಜಾರು 50 ಚದರ ಮೀಟರ್ ಇದೆಯೆಂದುಕೊಳ್ಳಿ. ತಾಸಿಗೆ 50 ಮಿ.ಮೀ. ವೇಗದಲ್ಲಿ ಮಳೆ ಹೊಡೆದರೆ ಆ ಬದಿಯಿಂದ ತಾಸಿಗೆ 2500 ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 42 ಲೀಟರ್ ನೀರು ಇಳಿಯುತ್ತದೆ. 15 ಲೀಟರಿನ ಕೊಡದಲ್ಲಿ ಹೇಳುವುದಾದರೆ ನಿಮಿಷಕ್ಕೆ ಮೂರು ಕೊಡ ನೀರನ್ನು ಗೋಡೆಯ ಬುಡಕ್ಕೆ ಸುರಿದಂತೆ. ದೋಣಿ ಸರಿಯಿದ್ದರೆ ಇಷ್ಟು ನೀರು ಒಂದೇ ಕೊಳವೆಯಿಂದ ನಾವು ಬಯಸಿದ ಕಡೆಗೆ ಹೋಗುತ್ತದೆ. ಕಟ್ಟಿಕೊಂಡಿದ್ದರೆ ತನಗೆ ಬೇಕಾದ ಕಡೆ ಇಳಿಯುತ್ತದೆ.

ಯಾವ ಮರದಿಂದ ಯಾವ ತೊಂದರೆ?

ಮನೆಯ ಹತ್ತಿರ ಮರವಿರುವುದು ಒಳ್ಳೆಯದೇ. ನೆರಳಿಗೆ, ತಂಪಿಗೆ, ದನಕರುಗಳಿಗೆ ಅದು ಬೇಕು. ದೋಣಿ ಕಟ್ಟುತ್ತದೆಂದು ಮರವನ್ನು ಕಡಿಯಬೇಕಾಗಿಲ್ಲ. ಯಾವ ಮರ ಯಾವಾಗ ಏನನ್ನು ಉದುರಿಸುತ್ತದೆ ಎಂದು ತಿಳಿದರೆ ಸಾಕು.

ತೇಗ: ಕಲಘಟಗಿ, ಅಳ್ನಾವರದ ಕಡೆ ಹೆಚ್ಚು. ಚಳಿಗಾಲದಿಂದ ಬೇಸಿಗೆಯ ಮೊದಲ ಭಾಗದವರೆಗೆ ಎಲೆ ಉದುರುತ್ತದೆ. ಎಲೆ ಅಗಲವಾದುದರಿಂದ ಒಂದೇ ಎಲೆ ಕೊಳವೆಯ ಬಾಯಿಯನ್ನು ಪೂರ್ತಿ ಮುಚ್ಚಬಲ್ಲದು. ಆದರೆ ಕೈಯಿಂದ ತೆಗೆಯಲು ಸುಲಭ. ಬಾಯಿಗೆ ತಂತಿಯ ಜಾಳಿಗೆ ಇಟ್ಟರೆ ತಡೆಯಬಹುದು.

ಬೇವು: ಫೆಬ್ರುವರಿ–ಮಾರ್ಚ್ ತಿಂಗಳಲ್ಲಿ ಎಲೆ, ಅದರ ಹಿಂದೆಯೇ ಹೂವು, ಮುಂಗಾರಿನ ಆರಂಭದಲ್ಲಿ ಹಣ್ಣು. ಹೀಗೆ ಮೂರು ಸಲ ಕಸ ಬೀಳುತ್ತದೆ. ಬೀಜಗಳು ದೋಣಿಯ ಕೆಸರಿನಲ್ಲಿ ಮೊಳೆಯುತ್ತವೆ. ಆದುದರಿಂದ ಬೇವಿನ ಕೆಳಗಿನ ಮನೆಗೆ ಜುಲೈ ತಿಂಗಳಲ್ಲಿ ಇನ್ನೊಮ್ಮೆ ಕಸ ತೆಗೆಯುವುದು ಅಗತ್ಯ.

ಹುಣಸೆ ಮತ್ತು ಗುಲ್‌ಮೊಹರ್: ಇವುಗಳ ಎಲೆ ಬಲು ಸಣ್ಣ. ಜಾಳಿಗೆಯ ಕಣ್ಣುಗಳೊಳಗೆ ನುಸುಳುತ್ತವೆ, ಇಲ್ಲವೇ ಜಾಳಿಗೆಯ ಮೇಲೆಯೇ ಚಾಪೆಯಂತೆ ಹರಡಿ ನೀರನ್ನು ಒಳಗೆ ಬಿಡುವುದಿಲ್ಲ. ಗುಲ್‌ಮೊಹರಿನ ಹೂವು ಬೀಳುವುದೂ ಅಡ್ಡಮಳೆಯ ಕಾಲದಲ್ಲಿಯೇ. ಇಂತಹ ಮರಗಳ ಕೆಳಗೆ ದೋಣಿಯುದ್ದಕ್ಕೂ ಜಾಳಿಗೆ ಹಾಸುವುದರಿಂದ ಪ್ರಯೋಜನವಿಲ್ಲ. ಮೇಲಿಂದ ಮೇಲೆ ಗುಡಿಸುವುದೇ ಉಪಾಯ.

ಮಾವು: ಧಾರವಾಡದ ಸುತ್ತ ತೋಟದ ಮನೆಗಳಲ್ಲಿ ಹೆಚ್ಚು. ಇದು ಒಮ್ಮೆಲೇ ಬೋಳಾಗುವುದಿಲ್ಲ. ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರಿಸುತ್ತದೆ. ಎಲೆ ಬಿರುಸು, ಬೇಗ ಕೊಳೆಯದು.

ನೀಲಗಿರಿ: ಎಲೆಯ ಜೊತೆಗೆ ತೊಗಟೆಯ ಉದ್ದನೆಯ ಸಿಪ್ಪೆಗಳೂ ಬಿದ್ದು ಕೊಳವೆಯ ಮೊಣಕೈಯಲ್ಲಿ ಸಿಕ್ಕಿಕೊಳ್ಳುತ್ತವೆ.

ಆಲ, ಅರಳಿ, ಬಸರಿ: ಇವುಗಳ ಎಲೆಗಿಂತ ಬೀಜದ ಕಾಟ ಹೆಚ್ಚು. ಮರ ದೂರದಲ್ಲಿದ್ದರೂ ಹಕ್ಕಿಗಳು ಹಣ್ಣು ತಿಂದು ಸೂರಿನ ಮೇಲೆ ಹಿಕ್ಕೆ ಹಾಕುತ್ತವೆ. ದೋಣಿಯ ಕೆಸರಿನಲ್ಲಿ, ಹಂಚಿನ ಸಂದಿಯಲ್ಲಿ, ಕುಂಬಿಯ ಬಿರುಕಿನಲ್ಲಿ ಸಸಿ ಹುಟ್ಟಿ ಗೋಡೆಯೊಳಗೆ ಬೇರು ಬಿಡುತ್ತದೆ. ಎರಡೆಲೆಯ ಸಸಿಯನ್ನು ಬೆರಳಿನಿಂದ ಕೀಳಬಹುದು. ಎರಡು ವರ್ಷ ಬಿಟ್ಟರೆ ಗೋಡೆಯನ್ನು ಒಡೆದೇ ತೆಗೆಯಬೇಕಾಗುತ್ತದೆ.

ಎಲೆಯ ಜೊತೆಗೆ ಧೂಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೇಸಿಗೆಯಲ್ಲಿ ಹರಗಿದ ಹೊಲಗಳ ಧೂಳು ಗಾಳಿಗೆ ಎದ್ದು ದೋಣಿಯಲ್ಲಿ ಕೂರುತ್ತದೆ. ಎಲೆ ಮಾತ್ರವಿದ್ದರೆ ಜೋರು ಮಳೆ ಕೊಚ್ಚಿಕೊಂಡು ಹೋಗಬಹುದು. ಎಲೆಯ ಜೊತೆ ಎರೆಯ ಧೂಳು ಬೆರೆತು ಮೊದಲ ಹನಿಗೆ ನೆನೆದರೆ ಗಟ್ಟಿಯಾದ ಹೆಂಟೆಯಾಗುತ್ತದೆ. ಈ ಹಸಿ ಹೆಂಟೆಯ ಕೆಳಗೆ ತಗಡಿನ ಸತುವಿನ ಲೇಪ ಸವೆದು ತುಕ್ಕು ಹಿಡಿಯುತ್ತದೆ. ಎರೆನಾಡಿನಲ್ಲಿ ಮನೆಯ ಹತ್ತಿರ ಒಂದೂ ಮರವಿಲ್ಲದಿದ್ದರೂ ದೋಣಿ ಕಟ್ಟಿಕೊಳ್ಳುವುದು ಈ ಕಾರಣದಿಂದಲೇ.

ಎರೆ ಮಣ್ಣಿನ ಮೇಲಿನ ಮನೆ

ದೋಣಿಯ ವಿಷಯದಲ್ಲಿ ಮಣ್ಣಿನ ಮಾತೇಕೆ ಎಂದು ಕೆಲವರು ಕೇಳಬಹುದು. ಕಸ ಮೇಲೆ ಕೂತರೂ ನಷ್ಟವಾಗುವುದು ಕೆಳಗೆ. ಅದು ಎಷ್ಟು ಆಗುತ್ತದೆ ಎಂಬುದು ಮಣ್ಣಿನ ಮೇಲೆ ನಿಂತಿದೆ.

ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿಯ ಅಂಶ ಹೆಚ್ಚು. ಇದು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವಂತೆ ಮನೆಯ ಸುತ್ತಲೂ ಬಿರುಕು ಬಿಡುತ್ತದೆ. ಅಂತಹ ಹೊತ್ತಿನಲ್ಲಿ ಅಡ್ಡಮಳೆ ಬಂದು ದೋಣಿಯ ಒಂದು ಮೂಲೆಯಿಂದ ನೀರು ಸುರಿದರೆ, ಅದು ಬಿರುಕಿನೊಳಗೆ ಇಳಿದು ನೇರವಾಗಿ ಅಡಿಪಾಯದ ಆಳಕ್ಕೆ ಹೋಗುತ್ತದೆ. ಆ ಮೂಲೆಯ ಮಣ್ಣು ಉಬ್ಬುತ್ತದೆ, ಉಳಿದ ಮೂರು ಮೂಲೆಗಳು ಒಣಗಿಯೇ ಇರುತ್ತವೆ. ಒಂದು ಕಡೆ ಎತ್ತಿದ ಗೋಡೆ ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಮಣ್ಣೆಲ್ಲ ಸಮವಾಗಿ ನೆನೆದರೆ ಇಷ್ಟು ಕೇಡಿಲ್ಲ. ಒಂದೇ ಕಡೆ ನೆನೆಯುವುದೇ ಕೇಡು.

ಇದನ್ನು ಗುರುತಿಸಲು ಎರಡು ಲಕ್ಷಣಗಳಿವೆ. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುವ, ಅಥವಾ ಅದಕ್ಕೆ ವಿರುದ್ಧವಾಗಿ ನಡೆಯುವ ಬಿರುಕು ಇದ್ದರೆ ಅದು ಮಣ್ಣಿನ ಚಲನೆಯಿಂದ ಆದದ್ದು. ಮಳೆ ಹಿಡಿದ ಮೇಲೆ ಒಂದೇ ಕೋಣೆಯ ಬಾಗಿಲು ಬಿಗಿಯಾಗುತ್ತಿದ್ದರೆ, ಕಟ್ಟಿಗೆ ಉಬ್ಬಿತೆಂದು ಬಡಗಿಯನ್ನು ಕರೆಯುವ ಮೊದಲು ಆ ಮೂಲೆಯ ದೋಣಿಯನ್ನು ನೋಡಬೇಕು.

ಎರೆ ಮಣ್ಣಿನಲ್ಲಿ ಅನುಸರಿಸಬೇಕಾದ ಕ್ರಮ ಹೀಗಿದೆ. ಕೊಳವೆಯ ನೀರನ್ನು ಗೋಡೆಯ ಬುಡದಲ್ಲಿ ಬಿಡಬಾರದು. ಕಲ್ಲಿನ ಕಾಲುವೆ ಅಥವಾ ಕೊಳವೆಯ ಮೂಲಕ ಕನಿಷ್ಠ 10 ಅಡಿ ದೂರಕ್ಕೆ ಒಯ್ಯಬೇಕು. ಗೋಡೆಯ ಸುತ್ತ 3 ಅಡಿ ಅಗಲಕ್ಕೆ, 1 ಅಡಿ ಆಳಕ್ಕೆ ಎರೆ ಮಣ್ಣನ್ನು ತೆಗೆದು ಗರಸು ತುಂಬಿ, ನೀರು ಚಿಮುಕಿಸಿ ಚೆನ್ನಾಗಿ ಧಮ್ಮಸ್ಸು ಮಾಡಿ, ಮೇಲೆ ಶಹಾಬಾದಿ ಫರಸಿ ಹಾಸಿ ಸಂದು ಮುಚ್ಚಬೇಕು. ಅಡಿಗೆ ಅರ್ಧ ಅಂಗುಲದಂತೆ ಹೊರಗಡೆಗೆ ಇಳಿಜಾರು ಇರಲಿ. ತೆಗೆದ ಜಾಗದಲ್ಲಿ ಮರಳು ಅಥವಾ ಸಡಿಲ ಜಲ್ಲಿಯನ್ನು ತುಂಬುವುದು ದೊಡ್ಡ ತಪ್ಪು. ಸುತ್ತಲೂ ನೀರು ಇಂಗದ ಎರೆ, ನಡುವೆ ಮರಳು ಇದ್ದರೆ ಬಟ್ಟಲಿನಲ್ಲಿ ನಿಂತಂತೆ ನೀರು ಅಡಿಪಾಯದ ಬದಿಯಲ್ಲಿಯೇ ನಿಲ್ಲುತ್ತದೆ. ಇಂಗುಗುಂಡಿಯನ್ನೂ ಮನೆಯಿಂದ ದೂರದಲ್ಲಿ ತೋಡತಕ್ಕದ್ದು. ಊರಲ್ಲಿ ಇನ್ನೂ ಹಗೇವು ಬಳಸುವವರು ಅಥವಾ ಬಳಸಬೇಕೆನ್ನುವವರು, ಯಾರ ಮನೆಯ ಸೂರಿನ ನೀರೂ ಅದರ ಕಡೆಗೆ ಹರಿಯದಂತೆ ನೋಡಿಕೊಳ್ಳಬೇಕು. ತೇವ ತಗುಲಿದ ಹಗೇವಿನ ಜೋಳ ಬೂಷ್ಟು ಹಿಡಿದು ಕೆಡುತ್ತದೆ.

ದೊಡ್ಡ ಮರಗಳು ಎರೆ ಮಣ್ಣಿನ ತೇವವನ್ನು ಹೀರಿ ಅದನ್ನು ಇನ್ನಷ್ಟು ಕುಗ್ಗಿಸುತ್ತವೆ. ಹೊಸದಾಗಿ ಬೇವು, ಅರಳಿ ಮುಂತಾದವನ್ನು ನೆಡುವವರು ಗೋಡೆಯಿಂದ ಕನಿಷ್ಠ 25 ಅಡಿ ದೂರದಲ್ಲಿ ನೆಡುವುದು ಲೇಸು.

ಮಸಾರಿ ಮಣ್ಣಿನ ಮೇಲಿನ ಮನೆ

ಮಸಾರಿ, ಅಂದರೆ ಕೆಂಪು ಮಣ್ಣು ಎರೆಯಂತೆ ಉಬ್ಬುವುದಿಲ್ಲ. ನೀರು ಬೇಗ ಬಸಿದು ಹೋಗುತ್ತದೆ. ಇಲ್ಲಿನ ತೊಂದರೆ ಕೊರೆತ. ಸೂರಿನ ಹನಿ ಬೀಳುವ ಗೆರೆಯುದ್ದಕ್ಕೂ ಕಾಲುವೆ ಬಿದ್ದು, ವರ್ಷದಿಂದ ವರ್ಷಕ್ಕೆ ಆಳವಾಗಿ, ಅಡಿಪಾಯದ ಕಲ್ಲು ಹೊರಗೆ ಕಾಣುತ್ತದೆ. ಸಿಡಿದ ಕೆಂಪು ಕೆಸರು ಗೋಡೆಯ ಬುಡವನ್ನು ಸದಾ ಹಸಿಯಾಗಿಡುತ್ತದೆ. ಗೋಡೆಯ ಮೇಲಿನ ಕೆಂಪು ಕಲೆ ಒಂದೇ ಕಡೆ ಎತ್ತರಕ್ಕೆ ಹೋಗಿದ್ದರೆ ಅದರ ನೇರ ಮೇಲೆ ದೋಣಿ ಚೆಲ್ಲುತ್ತಿದೆ ಎಂದು ತಿಳಿಯಬೇಕು. ಇಂತಹ ಕಡೆ ಹನಿ ಬೀಳುವ ಗೆರೆಯಲ್ಲಿ ಒಡೆದ ಹಂಚು, ಕಲ್ಲುಚೂರು ಹರಡಬೇಕು. ಕೊಳವೆಯ ಬಾಯಿಯ ಕೆಳಗೆ ಒಂದು ಚಪ್ಪಡಿ ಇಡಬೇಕು. ನೀರನ್ನು 5–6 ಅಡಿ ದೂರಕ್ಕೆ ಬಿಟ್ಟರೂ ಸಾಕಾಗುತ್ತದೆ.

ಮಾಳಿಗೆ ಮನೆ ಮತ್ತು ಹರನಾಳಿಗೆ

ಎರೆನಾಡಿನ ಹಳೆಯ ಮಾಳಿಗೆ ಮನೆಗಳಿಗೆ ಉದ್ದನೆಯ ದೋಣಿಯಿಲ್ಲ. ಕುಂಬಿಯಿಂದ ಹೊರಚಾಚಿದ ಹರನಾಳಿಗೆಗಳೇ ನೀರಿನ ದಾರಿ. ಮಾಳಿಗೆಯ ಮೇಲೆ ಚೌಳು ಮಣ್ಣು ಹಾಕುವ ರೂಢಿಯಲ್ಲಿ ಒಳ್ಳೆಯ ತಿಳಿವಳಿಕೆಯಿದೆ. ಚೌಳು ಮಣ್ಣಿನಲ್ಲಿರುವ ಸೋಡಿಯಮ್ಮಿನಿಂದ ಜೇಡಿಯ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುತ್ತವೆ. ಬೆಳೆಗೆ ನೀರು ಇಳಿಯಗೊಡದ ಅದೇ ದೋಷ ಮಾಳಿಗೆಗೆ ಗುಣವಾಗುತ್ತದೆ. ಮಣ್ಣು ತರುವ ಮೊದಲು ಒಣ ಹೆಂಟೆಯ ಸಣ್ಣ ಚೂರನ್ನು ಒಂದು ಲೋಟ ಮಳೆನೀರಿನಲ್ಲಿ ಅಲುಗಾಡಿಸದೆ ಬಿಡಿ. ಕೆಲವು ತಾಸುಗಳಲ್ಲಿ ಚೂರಿನ ಸುತ್ತ ಹಾಲಿನಂತೆ ಕದಡಿದರೆ ಅದು ಮಾಳಿಗೆಗೆ ತಕ್ಕ ಮಣ್ಣು. ಅದೇ ಮಣ್ಣನ್ನು ಗೋಡೆಯ ಬುಡಕ್ಕೆ ಮಾತ್ರ ಹಾಕಬಾರದು; ಹರಿಯುವ ನೀರಿಗೆ ಅದು ಕರಗಿ ಹೋಗುತ್ತದೆ.

ಈ ಮಣ್ಣು ಪ್ರತಿ ಮಳೆಗೆ ಸ್ವಲ್ಪ ಸ್ವಲ್ಪ ಜಾರಿ ಹರನಾಳಿಗೆಯ ಬಾಯಲ್ಲಿ ಕೂರುತ್ತದೆ. ಅಲ್ಲಿ ನೀರು ನಿಂತರೆ ಮಾಳಿಗೆಯ ಭಾರ ಹೆಚ್ಚುತ್ತದೆ, ಜಂತಿಗಳ ತುದಿ ಕೊಳೆಯುತ್ತದೆ. ಆದುದರಿಂದ ರೋಹಿಣಿ ಮಳೆಗೆ ಮೊದಲು ಮಾಳಿಗೆಯ ಇಳಿಜಾರನ್ನು ಹರನಾಳಿಗೆಯ ಕಡೆಗೆ ಸರಿಪಡಿಸಿ, ಮಳೆಗಾಲದಲ್ಲಿ ಪ್ರತಿ ದೊಡ್ಡ ಮಳೆಯ ನಂತರ ಬಾಯಿಯ ಮಣ್ಣನ್ನು ಎಳೆದು ಹಾಕಬೇಕು. ಹರನಾಳಿಗೆ ಗೋಡೆಯಿಂದ ಕನಿಷ್ಠ ಒಂದೂವರೆ ಅಡಿ ಹೊರಚಾಚಿರಬೇಕು. ಗಿಡ್ಡದಾಗಿದ್ದರೆ ನೀರು ಗೋಡೆಯನ್ನೇ ನೆಕ್ಕಿಕೊಂಡು ಇಳಿಯುತ್ತದೆ.

ಎರಡು ಮನೆಗಳ ನಡುವಿನ ದೋಣಿ

ಹಳ್ಳಿಯ ಓಣಿಗಳಲ್ಲಿ ಎರಡು ಮನೆಗಳ ಇಳಿಜಾರುಗಳು ಒಂದೇ ಸಂದಿನ ದೋಣಿಗೆ ಬಂದು ಕೂಡುವುದುಂಟು. ಎರಡು ಸೂರಿನ ನೀರು ಇದಕ್ಕೆ ಬರುತ್ತದೆ. ಕಟ್ಟಿಕೊಂಡರೆ ಹೊರಗೆ ಚೆಲ್ಲಲು ಜಾಗವಿಲ್ಲದೆ ನಡುಗೋಡೆಯೊಳಗೆ ಇಳಿಯುತ್ತದೆ. ಇದು ಯಾರ ಕೆಲಸವೆಂಬ ವಾದದಲ್ಲಿ ಎಷ್ಟೋ ಕಡೆ ಎರಡೂ ಮನೆಗಳ ಗೋಡೆ ಹಾಳಾಗುತ್ತದೆ. ಎರಡೂ ಮನೆಯವರು ಒಂದೇ ದಿನ ಕೂಡಿ ಇದನ್ನು ಗುಡಿಸುವುದು ಒಳ್ಳೆಯದು. ಸೂರಿನ ನೀರನ್ನು ನೆರೆಯವರ ಗೋಡೆಗೆ ಬಿಡದೆ ಓಣಿಯ ಗಟಾರಕ್ಕೆ ಮುಟ್ಟಿಸುವುದು ಎಲ್ಲರಿಗೂ ಹಿತ.

ದೋಣಿಯ ಜೋಡಣೆ

1. ದೋಣಿಗೆ 10 ಅಡಿಗೆ 1 ಅಂಗುಲದಂತೆ ಇಳಿಜಾರು ಇರಬೇಕು. ಒಂದು ಚೊಂಬು ನೀರು ಸುರಿದು ನೋಡಿದರೆ ಎಲ್ಲಿ ನಿಲ್ಲುತ್ತದೆಂದು ತಿಳಿಯುತ್ತದೆ.

2. ಆಧಾರದ ಕೊಕ್ಕೆಗಳು ಎರಡೂವರೆಯಿಂದ ಮೂರು ಅಡಿಗೆ ಒಂದರಂತೆ ಇರಲಿ. ಹಸಿ ಕಸ ತುಂಬಿದ ದೋಣಿ ಬಲು ಭಾರ.

3. ಅಡ್ಡಮಳೆಯ ರಭಸಕ್ಕೆ 40 ಚದರ ಮೀಟರ್ ಸೂರಿಗೆ 4 ಅಂಗುಲದ ಒಂದು ಕೊಳವೆ ಬೇಕು. ಸೂರು ಇದಕ್ಕಿಂತ ದೊಡ್ಡದಿದ್ದರೆ ಎರಡು ಕೊಳವೆ ಇಡಬೇಕು.

4. ಸೂರಿನ ಮೇಲೆ ಚಾಚಿದ ಕೊಂಬೆಗಳನ್ನು ಸೂರಿನಿಂದ 6 ಅಡಿಯಾದರೂ ದೂರವಿರುವಂತೆ ಸವರಬೇಕು.

5. ದೋಣಿಯಲ್ಲಿ ನೀರು ನಿಂತರೆ ಡೆಂಗೀ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಒಂದು ವಾರ, ಹತ್ತು ದಿನಗಳಲ್ಲಿ ಮರಿ ಸೊಳ್ಳೆಯಾಗಿ ಹಾರುತ್ತದೆ. ಆದುದರಿಂದ ನೀರು ವಾರದ ಮೇಲೆ ನಿಲ್ಲಬಾರದು.

ಕೆಲಸ ಮಾಡುವಾಗ ಏಣಿಯನ್ನು ಕಟ್ಟಿ, ಕೆಳಗೆ ಒಬ್ಬರನ್ನು ನಿಲ್ಲಿಸಿಕೊಳ್ಳಬೇಕು. ಒದ್ದೆ ಹಂಚಿನ ಮೇಲೆ, ಸಿಮೆಂಟ್ ಶೀಟಿನ ಮೇಲೆ ಕಾಲಿಡಬಾರದು. ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುವುದರಿಂದ ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬಾರದು. ಒಣ ಎಲೆಯಲ್ಲಿ ಚೇಳು ಇರಬಹುದು. ಬರಿಗೈ ಹಾಕದೆ ಕೋಲಿನಿಂದ ಕೆದಕಬೇಕು. ವಿದ್ಯುತ್ ತಂತಿ ಹತ್ತಿರವಿದ್ದರೆ ಕಬ್ಬಿಣದ ಏಣಿ ಬೇಡ.

ವರ್ಷದ ಕೆಲಸಗಳು

ಜನವರಿ–ಫೆಬ್ರುವರಿ: ಕೊಂಬೆ ಸವರುವುದು. ಗೋಡೆಯ ಬಿರುಕುಗಳ ಅಗಲವನ್ನು ಪೆನ್ಸಿಲಿನಿಂದ ಗುರುತು ಮಾಡಿ ತಾರೀಖು ಬರೆಯುವುದು.

ಏಪ್ರಿಲ್ ಮೊದಲ ವಾರ: ಅಡ್ಡಮಳೆಗೆ ಮೊದಲು ಎಲೆ ಮತ್ತು ಧೂಳನ್ನು ಒಣಗಿರುವಾಗಲೇ ತೆಗೆಯುವುದು. ವರ್ಷದಲ್ಲಿ ಒಂದೇ ಸಲ ಮಾಡುವವರು ಇದನ್ನೇ ಮಾಡಲಿ.

ಮೇ ಕೊನೆ: ರೋಹಿಣಿಗೆ ಮೊದಲು ಎರಡನೆಯ ಸಲ ಗುಡಿಸುವುದು, ತುಕ್ಕು, ತೂತು, ಒಡೆದ ಹಂಚುಗಳ ದುರಸ್ತಿ, ಮಾಳಿಗೆಗೆ ಮಣ್ಣು.

ಜುಲೈ: ಮಳೆ ಸುರಿಯುವಾಗಲೇ ಗೊಂಗಡಿ ಹೊದ್ದು ಮನೆಯ ಸುತ್ತ ಒಂದು ಸುತ್ತು ಬಂದು, ನೀರು ಎಲ್ಲಿ ಚೆಲ್ಲುತ್ತದೆಂದು ನೋಡುವುದು. ಬೇಸಿಗೆಯಲ್ಲಿ ಕಾಣದ ದೋಷ ಆಗ ಕಾಣುತ್ತದೆ. ಕಸವನ್ನು ಮಳೆ ನಿಂತ ಮೇಲೆಯೇ ತೆಗೆಯಬೇಕು.

ಸೆಪ್ಟೆಂಬರ್ ನಡುವೆ: ಹಿಂಗಾರಿ ಬಿತ್ತನೆಗೆ ಹೊರಡುವ ಮೊದಲು ಹುಲ್ಲು, ಸಸಿ, ಹಾವಸೆ ಕೀಳುವುದು.

ತೆಗೆದ ಎಲೆ, ಕೆಸರನ್ನು ಗೋಡೆಯ ಬದಿಗೆ ಚೆಲ್ಲದೆ ತಿಪ್ಪೆಗೆ ಹಾಕಬೇಕು, ಒಳ್ಳೆಯ ಗೊಬ್ಬರವಾಗುತ್ತದೆ.

ನೀರಿನ ಉಪಯೋಗ

ನವಲಗುಂದದ ಕಡೆ ಅನೇಕ ಊರುಗಳಲ್ಲಿ ಅಂತರ್ಜಲ ಸವಳು. ಅಲ್ಲಿ ಸೂರಿನ ನೀರು ಬೆಲೆಯುಳ್ಳದ್ದು. 100 ಚದರ ಮೀಟರ್ ಹಂಚಿನ ಸೂರಿನ ಮೇಲೆ ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದರೆ 60,000 ಲೀಟರ್ ನೀರಾಗುತ್ತದೆ. ಐದರಲ್ಲಿ ಒಂದು ಪಾಲು ಪೋಲಾದರೂ 48,000 ಲೀಟರ್ ಸಿಗುತ್ತದೆ. ಮೊದಲ ಮಳೆಗಳ ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಜಾಳಿಗೆಯಿಂದ ಸೋಸಿ ಮುಚ್ಚಿದ ತೊಟ್ಟಿಯಲ್ಲಿ ಕೂಡಿಟ್ಟರೆ ದನಗಳಿಗೆ, ಬಟ್ಟೆಬರೆಗೆ ಆಗುತ್ತದೆ. ಕಲ್ನಾರು ಶೀಟಿನ ನೀರನ್ನು ಕುಡಿಯಲು ಬಳಸುವುದು ಬೇಡ. ತೊಟ್ಟಿಯ ಹೆಚ್ಚುವರಿ ನೀರೂ ಗೋಡೆಯ ಕಡೆಗೆ ಬರಬಾರದು.

ಇದಕ್ಕೆಲ್ಲ ತಗಲುವ ಖರ್ಚು ಕಡಿಮೆ: ಒಂದು ಏಣಿ, ಒಂದು ಕಸಬರಿಗೆ, ವರ್ಷದಲ್ಲಿ ನಾಲ್ಕು ಅರ್ಧ ದಿನ. ಬಿದ್ದ ಗೋಡೆಯನ್ನು ಎತ್ತಿಸಲು ಒಂದು ಸುಗ್ಗಿಯ ಗಳಿಕೆ ಬೇಕಾಗುತ್ತದೆ. ಮಲಗಿದ್ದವರ ಮೇಲೆ ಬಿದ್ದರಂತೂ ಅದಕ್ಕೆ ಲೆಕ್ಕವೇ ಇಲ್ಲ. ಆದುದರಿಂದ ರೈತ ಬಾಂಧವರು ಈ ಸಲ ಕೂರಿಗೆಯನ್ನು ಸಜ್ಜುಗೊಳಿಸುವ ದಿನವೇ ಏಣಿಯನ್ನೂ ಹೊರಗೆ ತೆಗೆಯಲಿ.